ದೊರೆ ಕೊಟ್ಟ ಬಸಿ

ಯಾರ ಮನೆಗೆ ಊಟಕ್ಕೆ ಹೋದರೂ ನಮ್ಮ ಮನೆಯವರಿಗೆ ನನ್ನದೇ ಒಂದು ಹೆದರಿಕೆ. ಊಟ ಮುಗಿದ ಕೂಡಲೇ ಇವಳು ತಟ್ಟೆ ಮಗುಚಿ ಅಡಿ ನೋಡುತ್ತಾಳೆ ಅಂತ. ಒಮ್ಮೆ ಊಟ ಮುಗಿಯುವ ಮೊದಲೇ ಕಪ್ಪಿನ ಅಡಿ ನೋಡಲು ಹೋಗಿ ಪಾಯಸ ಸೀರೆ ಮೇಲೆ... ಆ ಕತೆ ಬಿಡಿ :-)

ತುಂಬ ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲ ಅಂತಲ್ಲ. ಇದ್ದ ಒಂದೇ ವಿಷಯ ಬರೆಯುವುದೋ ಬೇಡವೋ ಅಂತ ಗೊತ್ತಾಗದೆ ಡ್ರಾಫ್ಟಿನಲ್ಲೇ ಕೊಳೆಯುತ್ತಿತ್ತು. ಇವತ್ತು ಕುಟ್ಟಿ ಮುಗಿಸುತ್ತೇನೆ.

ಮೊದಲು ನನ್ನ ಹುಚ್ಚಿನ ಬಗ್ಗೆ ಸ್ವಲ್ಪ. ಮನೆಯಲ್ಲಿ ನನಗಿಟ್ಟ ಹೆಸರು 'ಗುಜರಿ'. ಹಳೇ ಬಾಟಲಿ, ಒಡಕು ಕಪ್ಪು, ಮುಚ್ಚಳ ಇಲ್ಲದ ಭರಣಿ, ಏನು ಕಂಡರೂ ಎತ್ತಿಕೊಂಡು ಬರುತ್ತೇನೆ. ಕೂಡಿಡುವುದಕ್ಕಿಂತ ಹೆಚ್ಚಾಗಿ ಅದು ಯಾರು ಮಾಡಿದ್ದು, ಎಲ್ಲಿಂದ ಬಂತು ಅಂತ ಹುಡುಕುವುದರಲ್ಲಿ ನನಗೆ ಖುಷಿ. ಶುರುವಾದದ್ದು ಒಂದು ಗೋಲಿ ಸೋಡಾ ಬಾಟಲಿಯಿಂದ. ಪುತ್ತೂರಿನ ಹತ್ತಿರ ನಮ್ಮ ತೋಟದ ತೋಡಿನ ಹೂಳೆತ್ತುವಾಗ ಸಿಕ್ಕಿತು. ದಪ್ಪ ಹಸಿರು ಗಾಜು, ಕುತ್ತಿಗೆ ಹಿಸುಕಿದ ಹಾಗೆ, ಒಳಗೆ ಗೋಲಿ ಹಾಗೇ ಉಂಟು. ಕೆಸರು ತೊಳೆದು ನೋಡಿದರೆ ಗಾಜಿನಲ್ಲೇ ಉಬ್ಬು ಅಕ್ಷರ: ಡ್ಯಾನ್ ರೈಲ್ಯಾಂಡ್ಸ್, ಬಾರ್ನ್ಸ್‌ಲಿ. ನಮ್ಮ ತೋಡಿಗೂ ಇಂಗ್ಲೆಂಡಿನ ಯಾರ್ಕ್‌ಷೈರಿಗೂ ಎಂತ ಸಂಬಂಧ ಮಾರಾಯ್ರೆ! ಹುಡುಕುತ್ತಾ ಹೋದಾಗ ತಿಳಿಯಿತು, ಈ ಗೋಲಿಯ ಉಪಾಯ ಹೈರಮ್ ಕಾಡ್ ಎಂಬವನದ್ದು, 1870ರ ದಶಕದ ಪೇಟೆಂಟ್. ಸೋಡಾದ ಗ್ಯಾಸೇ ಗೋಲಿಯನ್ನು ಒಳಗಿನಿಂದ ಬಾಯಿಯ ರಬ್ಬರಿಗೆ ಒತ್ತಿ ಹಿಡಿಯುತ್ತದೆ, ಬೇರೆ ಬಿರಡೆ ಬೇಡ. ರೈಲ್ಯಾಂಡ್ಸ್‌ನವರ ಗಾಜಿನ ಕಾರ್ಖಾನೆ ಆ ಬಾಟಲಿಗೆ ಹೆಸರಾದದ್ದು. ಇಂಗ್ಲೆಂಡಿನಲ್ಲಿ ಅದರ ಕಾಲ ಮುಗಿದು ಎಷ್ಟೋ ದಶಕವಾದ ಮೇಲೂ ನಮ್ಮಲ್ಲಿ ಜಾತ್ರೆ ಜಾತ್ರೆಯಲ್ಲಿ ಟಪ್ ಅಂತ ಸದ್ದು ಮಾಡುತ್ತಿತ್ತಲ್ಲ, ನೆನಪಿದೆಯಾ?

ಗಾಜಿನ ವಯಸ್ಸು ಪತ್ತೆ ಮಾಡುವುದು ಒಂದು ರೀತಿಯಲ್ಲಿ ಸುಲಭ. ಬಾಟಲಿಯ ಮೈಯಲ್ಲಿ ಅಚ್ಚಿನ ಎರಡು ಭಾಗ ಸೇರಿದ ಗೆರೆ ಇರುತ್ತದೆ. ಅದನ್ನು ಬೆರಳಲ್ಲಿ ಹಿಡಿದು ಮೇಲಕ್ಕೆ ಹೋಗಿ. ಬಾಯಿಯ ಕೆಳಗೇ ಗೆರೆ ನಿಂತುಹೋದರೆ ಸಾಮಾನ್ಯವಾಗಿ ಬಾಯಿಯನ್ನು ಕೈಯಲ್ಲಿ ತಿದ್ದಿ ಮಾಡಿದ್ದು. ಗೆರೆ ಬಾಯಿಯ ಮೇಲೆ ಹತ್ತಿ ಆಚೆ ಇಳಿದರೆ ಯಂತ್ರದ್ದು. ಅಮೆರಿಕದ ಓವೆನ್ಸ್ ಎಂಬವನ ಪೂರ್ತಿ ಯಂತ್ರದ ಬಾಟಲಿ ಬಂದದ್ದು 1903ರ ಹೊತ್ತಿಗೆ. ಅಲ್ಲಿಗೆ ಒಂದು ಗಡಿ ಸಿಕ್ಕಿತು. ನಮ್ಮ ಅಟ್ಟದಲ್ಲಿ ಸಿಕ್ಕಿದ ಕಂದೀಲಿನ ಚಿಮಣಿಗೆ ಅಷ್ಟೆಲ್ಲ ಕಷ್ಟವೂ ಬೇಕಾಗಲಿಲ್ಲ. ಕಂದೀಲಿನ ಮೇಲೇ 'ಪ್ರಭಾಕರ್' ಅಂತ ಉಂಟು. ಕರಾಡದ ಹತ್ತಿರ ಓಗಲೆವಾಡಿಯಲ್ಲಿ 1916ರಲ್ಲಿ ಶುರುವಾದ ಓಗಲೆ ಗಾಜಿನ ಕಾರ್ಖಾನೆಯವರದ್ದು. ಸ್ವದೇಶಿ ಕಾಲದ ಕೂಸು. ನಮ್ಮ ಅಪ್ಪ ಅದೇ ಬೆಳಕಿನಲ್ಲಿ ಓದಿದ್ದಂತೆ. (ಓದಿದ್ದಕ್ಕೆ ಬೇರೆ ಸಾಕ್ಷಿ ಇಲ್ಲ ಅಂತ ಅಮ್ಮ ಹೇಳುವುದುಂಟು.)

ಈಗ ವಿಷಯಕ್ಕೆ ಬರುತ್ತೇನೆ.

ದೊಡ್ಡಪ್ಪನ ಮಗ, ನಮಗೆಲ್ಲ ಅಣ್ಣ, ಊರಿನ ಹಳೇ ಮನೆಯನ್ನು ಹೋಂಸ್ಟೇ ಮಾಡಿದ್ದಾನೆ. ಮನೆ ಬಿದ್ದುಹೋಗುವುದಕ್ಕಿಂತ ಅದು ಒಳ್ಳೆಯದೇ, ನನಗೇನೂ ತಕರಾರಿಲ್ಲ. ಚಾವಡಿಯಲ್ಲಿ ಹಳೇ ಸಾಮಾನುಗಳನ್ನು ಚಂದಕ್ಕೆ ಜೋಡಿಸಿ, ಒಂದೊಂದಕ್ಕೂ ಒಂದು ಸಣ್ಣ ಕಾರ್ಡು ಬರೆದು ಇಡುವುದು ಅವನ ಯೋಜನೆ. ಕಡೆಗೋಲು, ಭತ್ತದ ಕಳಸಿಗೆ, ಅಡಿಕೆ ಕತ್ತಿ... ಎಲ್ಲದರ ನಡುವೆ, ಎಲ್ಲದಕ್ಕಿಂತ ಮುಖ್ಯವಾಗಿ, 'ದೊರೆ ಕೊಟ್ಟ ಬಸಿ'.

ನಮ್ಮ ಕಡೆ ಪಿಂಗಾಣಿ ತಟ್ಟೆಗೆ ಬಸಿ ಅನ್ನುತ್ತೇವೆ. ಈ ಬಸಿಯ ಕತೆ ನಾವು ಚಿಕ್ಕಂದಿನಲ್ಲೇ ಕೇಳಿದ್ದು. 1890ರಲ್ಲಿ ಕಲೆಕ್ಟರ್ ದೊರೆ ಕುದುರೆ ಮೇಲೆ ಬಂದಿದ್ದನಂತೆ, ಮುತ್ತಜ್ಜ ಅವನಿಗೆ ಎಳನೀರು ಕೊಟ್ಟು ತೋಟ ತೋರಿಸಿದರಂತೆ, ಅವನು ಸಂತೋಷಪಟ್ಟು ತನ್ನದೇ ಊಟದ ಬಸಿ ಕೊಟ್ಟುಹೋದನಂತೆ. ಪ್ರತಿ ಸಲ ಹೇಳುವಾಗ ಕುದುರೆಯ ಬಣ್ಣ ಬದಲಾಗುತ್ತಿತ್ತು, ಬಸಿ ಮಾತ್ರ ಅದೇ.

"ತಂಗೀ, ನಿನಗೆ ಇದೆಲ್ಲ ಗೊತ್ತುಂಟಲ್ಲ. ಯಾವ ಕಂಪನಿ, ಯಾವ ವರ್ಷ ಅಂತ ನೋಡಿ ಕಾರ್ಡಿಗೆ ನಾಲ್ಕು ಸಾಲು ಬರೆದು ಕೊಡು. ವಿಕ್ಟೋರಿಯಾ ರಾಣಿ ಕಾಲದ್ದು ಅಂತ ಎಲ್ಲಿಯಾದರೂ ಸೇರಿಸು" ಅಂದ. ನಾನು ಆ ಬಸಿಯನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ. ಚಿಕ್ಕಂದಿನಲ್ಲಿ ಅದು ಗೋಡೆಯ ಮೇಲೆ ಕೈಗೆಟುಕದ ಎತ್ತರದಲ್ಲಿತ್ತು. ಹೋದ ಬೇಸಿಗೆಯಲ್ಲಿ ಊರಿಗೆ ಹೋದವಳು ಭೂತಗನ್ನಡಿ, ಟಾರ್ಚು ಹಿಡಿದುಕೊಂಡೇ ಹೋದೆ. ಅಣ್ಣ ಇನ್ನೊಂದು ಒಳ್ಳೆಯ ಸುದ್ದಿ ಇಟ್ಟುಕೊಂಡಿದ್ದ. ಅಟ್ಟ ಗುಡಿಸುವಾಗ ಬೈಹುಲ್ಲು ತುಂಬಿದ ಗೋಣಿಯಲ್ಲಿ ಅದೇ ಥರದ್ದು ಇನ್ನೂ ಐದು ಬಸಿ ಸಿಕ್ಕಿದ್ದವು!

ಅವನಿಗೆ ಅದು ಖುಷಿ. ನನಗೆ ಅಲ್ಲಿಯೇ ಮೊದಲ ಅನುಮಾನ. ಕುದುರೆ ಮೇಲೆ ಬಂದವನು ಆರು ಬಸಿ ಕಟ್ಟಿಕೊಂಡು ಬಂದಿದ್ದನೇ?

ಆರನ್ನೂ ಜಗಲಿಯ ಬಿಸಿಲಿನಲ್ಲಿ ಸಾಲಾಗಿ ಇಟ್ಟೆ. ಬೆನ್ನು ನೋಡುವ ಮೊದಲು ಮುಖ ನೋಡಬೇಕು ಅನ್ನುವುದು ನಾನು ಪೆಟ್ಟು ತಿಂದು ಕಲಿತ ಪಾಠ. ಮುದ್ರೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ಮಣ್ಣು, ಹೊಳಪು, ತೂಕ ನಕಲು ಮಾಡುವುದು ಕಷ್ಟ. ಬಸಿಯ ಹಿಂದೆ ಬೆರಳಿಟ್ಟು ಬಿಸಿಲಿಗೆ ಹಿಡಿದೆ. ಬೆರಳಿನ ನೆರಳು ಕಾಣಲಿಲ್ಲ. ನಿಜವಾದ ಪೋರ್ಸಲೀನ್ ತೆಳುವಾಗಿದ್ದರೆ ಬೆಳಕು ಹಾಯುತ್ತದೆ, ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಇದು ಟೊಕ್ ಅಂದಿತು. ಅಂದರೆ ಬಿಳಿ ಮಣ್ಣಿನ ಸಾದಾ ಸಾಮಾನು, ಮೇಲೆ ಗಾಜಿನ ಹೊಳಪು. ನಾವು ಎರಡನ್ನೂ ಪಿಂಗಾಣಿ ಅಂತಲೇ ಕರೆಯುತ್ತೇವೆ. ಹೊಳಪಿನ ತುಂಬ ಜೇಡರ ಬಲೆಯ ಹಾಗೆ ಸಣ್ಣ ಬಿರುಕು. ಹಿಂದೆ, ಅಂಚಿನ ಹತ್ತಿರ ಮೂರು ಸಣ್ಣ ಚುಕ್ಕೆ, ಗೂಡಿನಲ್ಲಿ ಒಂದರ ಮೇಲೊಂದು ಅಂಟದ ಹಾಗೆ ಮುಳ್ಳಿನ ಆಧಾರದ ಮೇಲೆ ಇಟ್ಟು ಸುಟ್ಟ ಗುರುತು.

ಹೂವಿನ ಚಿತ್ತಾರ ಇನ್ನೂ ಹೆಚ್ಚು ಹೇಳಿತು. ಕೆಂಪು ಹೂ, ಹಸಿರು ಎಲೆ, ಅಂಚಿಗೊಂದು ನೀಲಿ ಗೀಟು. ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲ ಹೂವಿನ ಒಂದೇ ಎಸಳು ಸ್ವಲ್ಪ ಹರಿದ ಹಾಗಿದೆ. ಆರು ಹೂ, ಆರರಲ್ಲೂ ಅದೇ ಎಸಳು. ಕೈಯಲ್ಲಿ ಬರೆದದ್ದಾದರೆ ಹಾಗಾಗುವುದಿಲ್ಲ. ಇದು ಸ್ಪಂಜಿನ ತುಂಡನ್ನು ಹೂವಿನ ಆಕಾರಕ್ಕೆ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಮುದ್ರೆ ಒತ್ತಿದ ಹಾಗೆ ಒತ್ತಿದ್ದು. ನಾವು ಮಕ್ಕಳಾಗಿದ್ದಾಗ ಬೆಂಡೆಕಾಯಿ ಅಡ್ಡ ಕತ್ತರಿಸಿ ಶಾಯಿಯಲ್ಲಿ ಒತ್ತುತ್ತಿದ್ದೆವಲ್ಲ, ಹಾಗೆ. ಅತಿ ಬೇಗ ಆಗುವ, ಅತಿ ಅಗ್ಗದ ಅಲಂಕಾರ. ಕಲೆಕ್ಟರ್ ದೊರೆಯ ಮೇಜಿನ ಮೇಲೆ ಇರಬಹುದಾದದ್ದು ಬೇರೆ, ತಾಮ್ರದ ತಗಡಿನಿಂದ ತೆಳು ಕಾಗದಕ್ಕೆ, ಕಾಗದದಿಂದ ತಟ್ಟೆಗೆ ಇಳಿಸಿದ ನೀಲಿ ಚಿತ್ರದ ಸಾಮಾನು. ಮರ, ಸೇತುವೆ, ಹಕ್ಕಿ ಇರುವ 'ವಿಲ್ಲೋ' ಚಿತ್ರ ನೀವೂ ನೋಡಿರುತ್ತೀರಿ. ಇದು ಅದಲ್ಲ.

ಆಮೇಲೆ ಮಗುಚಿದೆ. ಕುಳಿತಿರುವ ಸ್ಫಿಂಕ್ಸ್. ಸುತ್ತ ಅಕ್ಷರ: ಪೆಟ್ರಸ್ ರೆಗೌಟ್ ಅಂಡ್ ಕೋ, ಮಾಸ್ಟ್ರಿಕ್ಟ್. ಕೆಳಗೆ, ಸ್ವಲ್ಪ ಮಾಸಿದರೂ ಓದಬಹುದು: ಮೇಡ್ ಇನ್ ಹಾಲೆಂಡ್.

"ಹಾಲೆಂಡಾ? ನಮಗೆ ಡಚ್ಚರ ದೊರೆ ಎಲ್ಲಿಂದ ಬಂದ?" ಅಣ್ಣನ ಮುಖ ಸಣ್ಣಗಾಯಿತು.

ಇಲ್ಲಿ ನಿಮಗೆ ಸ್ವಲ್ಪ ಮೇಷ್ಟ್ರ ಕೆಲಸ ಮಾಡುತ್ತೇನೆ, ಸಹಿಸಿಕೊಳ್ಳಿ. ಹಳೇ ಪಿಂಗಾಣಿಯ ಅಡಿಯಲ್ಲಿ ದೇಶದ ಹೆಸರು ಇದೆಯೋ ಇಲ್ಲವೋ ಅನ್ನುವುದೇ ಒಂದು ಗಡಿಯಾರ. 1890ರಲ್ಲಿ ಅಮೆರಿಕದವರು ಒಂದು ಸುಂಕದ ಕಾನೂನು ತಂದು, 1891ರಿಂದ ಹೊರಗಿನಿಂದ ಬರುವ ಸಾಮಾನಿನ ಮೇಲೆ ಯಾವ ದೇಶದ್ದು ಅಂತ ಇಂಗ್ಲಿಷಿನಲ್ಲಿ ಬರೆದಿರಬೇಕು ಅಂದರು. ಅಲ್ಲಿಂದ ಮುಂದೆ 'ಇಂಗ್ಲೆಂಡ್', 'ಹಾಲೆಂಡ್', 'ನಿಪ್ಪಾನ್' ಅಂತ ಮುದ್ರೆಗಳು ತುಂಬಿಕೊಂಡವು. 'ಮೇಡ್ ಇನ್' ಅಂತ ಸೇರಿಕೊಂಡದ್ದು ಸಾಮಾನ್ಯವಾಗಿ ಇಪ್ಪತ್ತನೇ ಶತಮಾನದ ಮಾತು. ಇಂಗ್ಲೆಂಡಿನ ಸಾಮಾನಾದರೆ ಇನ್ನೂ ಅನುಕೂಲ. 1842ರಿಂದ 1883ರವರೆಗೆ ವಿನ್ಯಾಸ ನೋಂದಾಯಿಸಿದ್ದಕ್ಕೆ ವಜ್ರದ ಆಕಾರದ ಗುರುತು, ಅದರ ಮೂಲೆಯ ಅಕ್ಷರದಲ್ಲಿ ದಿನ, ತಿಂಗಳು, ವರ್ಷ ಎಲ್ಲ ಅಡಗಿಸಿಟ್ಟಿರುತ್ತಾರೆ. 1884ರಿಂದ ಸೀದಾ ನಂಬರು. 1900ನೇ ಇಸವಿ ಶುರುವಾಗುವಾಗ ಆ ನಂಬರು 351202ಕ್ಕೆ ಬಂದಿತ್ತು. ಆದರೆ ಅದೂ ವಿನ್ಯಾಸ ನೋಂದಾಯಿಸಿದ ದಿನ ಹೇಳುತ್ತದೆ ಅಷ್ಟೆ. ಅದಕ್ಕಿಂತ ಹಿಂದಿನದ್ದಲ್ಲ ಅಂತ ಹೇಳಬಹುದು, ಎಷ್ಟು ಮುಂದಿನದ್ದು ಅಂತ ಹೇಳಲಾಗದು.

ಇಸವಿ ಕಂಡ ಕೂಡಲೇ ಮೋಸಹೋಗುವುದಂತೂ ನಮ್ಮೂರಲ್ಲಿ ಮಾಮೂಲು. ಅದೇ ಮನೆಯ ಮಾಡಿನ ಹಂಚು ತೆಗೆದು ನೋಡಿ, 'ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865, ಮಂಗಳೂರು' ಅಂತ ಒತ್ತಿದೆ. ಅಣ್ಣ ಈಗಾಗಲೇ ಗೇಟಿನ ಬೋರ್ಡಿನಲ್ಲಿ 'ಸ್ಥಾಪನೆ 1865' ಅಂತ ಬರೆಸಿಬಿಟ್ಟಿದ್ದಾನೆ! ಅದು ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಜರ್ಮನ್ ಪಾದ್ರಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ವರ್ಷ ಅದೇ ಇಸವಿ ಒತ್ತಿದರು. ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಮುಳಿಹುಲ್ಲಿನ ಮಾಡು ತೆಗೆದು ಹಂಚು ಹಾಕಿಸಿದ ಖರ್ಚು ಇರುವುದು 1911ರಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಮಿಶನ್ನಿನ ಉದ್ಯಮವನ್ನು ಶತ್ರುಗಳ ಆಸ್ತಿ ಅಂತ ಸರಕಾರ ವಶಪಡಿಸಿಕೊಂಡು, ಮುಂದೆ ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಹಾಗಾಗಿ ಹಂಚಿನ ಮೇಲಿನ ಹೆಸರು ಇಸವಿಗಿಂತ ಹೆಚ್ಚು ನಂಬಿಕಸ್ಥ. ಗೇಟಿನ ಬೋರ್ಡು ಇನ್ನೂ ಹಾಗೆಯೇ ಇದೆ, ನಾನು ಏನೂ ಹೇಳಿಲ್ಲ. ಒಂದು ದಿನಕ್ಕೆ ಒಂದೇ ಮುಖ ಸಣ್ಣ ಮಾಡಿದರೆ ಸಾಕು.

ಪೆಟ್ರಸ್ ರೆಗೌಟ್ ಎಂಬವನು ದೊಡ್ಡ ಕುಳ. ಹಾಲೆಂಡಿನ ದಕ್ಷಿಣದ ತುದಿಯ ಮಾಸ್ಟ್ರಿಕ್ಟ್ ಪಟ್ಟಣದಲ್ಲಿ ಮೊದಲು ಗಾಜು, ಆಮೇಲೆ 1830ರ ದಶಕದಿಂದ ಪಿಂಗಾಣಿ ಶುರು ಮಾಡಿದ. ಇಂಗ್ಲೆಂಡಿನವರ ಕೆಲಸ ನೋಡಿ ಕಲಿತು, ಅವರಿಗಿಂತ ಅಗ್ಗಕ್ಕೆ ಮಾಡಿ, ಡಚ್ಚರ ಇಂಡೀಸಿಗೆ ಅಂದರೆ ಈಗಿನ ಇಂಡೋನೇಷ್ಯಾಕ್ಕೆ, ಏಷ್ಯಾದ ಬೇರೆ ಬಂದರುಗಳಿಗೆ ಹಡಗು ಹಡಗು ಬಸಿ ಕಳಿಸಿದರು. 1878ರಲ್ಲಿ ಅವನು ಸತ್ತ. 1899ರಲ್ಲಿ ಕಂಪನಿಯ ಹೆಸರೇ ಸ್ಫಿಂಕ್ಸ್ ಅಂತಾಯಿತು, ಆದರೂ ಮುದ್ರೆಯಲ್ಲಿ ಅವನ ಹೆಸರು ಬಹಳ ಕಾಲ ಉಳಿಯಿತು. 1887ರಲ್ಲಿ ಡಚ್ ಸಂಸತ್ತಿನವರು ಕಾರ್ಖಾನೆಗಳಲ್ಲಿ ಮಕ್ಕಳನ್ನು ದುಡಿಸುವ ಬಗ್ಗೆ ವಿಚಾರಣೆ ನಡೆಸಿದಾಗ ಮಾಸ್ಟ್ರಿಕ್ಟಿನ ಕಾರ್ಮಿಕರನ್ನೂ ಕರೆದು ಕೇಳಿದ್ದರು. ಆ ಅಗ್ಗಕ್ಕೆ ಒಂದು ಕಾರಣ ಅಲ್ಲಿತ್ತು.

ನಮ್ಮ ವಂಶಾವಳಿಯ ಪ್ರಕಾರ ಮುತ್ತಜ್ಜ ತೀರಿಕೊಂಡದ್ದು 1901. 1890ರ ದೊರೆ, 'ಮೇಡ್ ಇನ್' ಮುದ್ರೆ, ಸ್ಪಂಜಿನ ಹೂ, ಆರು ಬಸಿ... ಯಾವುದೂ ಯಾವುದಕ್ಕೂ ಕೂಡುವುದಿಲ್ಲ. ಇದು ಮಂಗಳೂರು ಪೇಟೆಯಲ್ಲಿ ಡಜನ್ ಲೆಕ್ಕದಲ್ಲಿ ಕೊಂಡ ಸಾಮಾನು ಅಂತ ನನಗೆ ಖಾತ್ರಿಯಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಇದು 'ನಮ್ಮಜ್ಜನ ಬಡಾಯಿ' ಅಂತ ಒಂದು ತಮಾಷೆಯ ಬರಹ ಆಗುತ್ತಿತ್ತು. ಆದರೆ ಬಸಿಯ ಬೆನ್ನಲ್ಲಿ ಇನ್ನೊಂದು ಗುರುತಿತ್ತು. ಸ್ಫಿಂಕ್ಸಿನ ಪಕ್ಕದಲ್ಲಿ, ಕಿರುಬೆರಳಿನ ಉಗುರಿನಷ್ಟು ದೊಡ್ಡ ಒಂದು ಇಂಟು ಮಾರ್ಕು. ಆರು ಬಸಿಯಲ್ಲೂ ಇತ್ತು.

ನನ್ನಂಥವರಿಗೆ ಇದಕ್ಕಿಂತ ಬೆಲ್ಲ ಬೇರೆ ಇಲ್ಲ. ಪಿಂಗಾಣಿ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ತುಂಡು ಲೆಕ್ಕದಲ್ಲಿ ಕೂಲಿ. ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನಲ್ಲಂತೂ ಮಾಡಿದ್ದಕ್ಕಲ್ಲ, ಗೂಡಿನಿಂದ ಸರಿಯಾಗಿ ಹೊರಬಂದದ್ದಕ್ಕೆ ಮಾತ್ರ ಕೂಲಿ ಕೊಡುವ ಪದ್ಧತಿ ಇತ್ತು. ಬೇರೆ ಯಾರದ್ದೋ ತಪ್ಪಿಗೆ ಗೂಡಿನಲ್ಲಿ ಒಡೆದರೂ ಇವನ ಕೂಲಿ ಹೋಯಿತು. ಹಾಗಾಗಿ ಲೆಕ್ಕ ತಪ್ಪದ ಹಾಗೆ ಚಿತ್ತಾರದವರು, ಅಚ್ಚಿನವರು ತಮ್ಮ ತಮ್ಮ ಗುರುತು, ಒಂದು ಚುಕ್ಕೆಯೋ ಗೀಟೋ ನಂಬರೋ, ಅಡಿಯಲ್ಲಿ ಹಾಕುತ್ತಿದ್ದರು. ಮಾಲೀಕನ ಹೆಸರು ದೊಡ್ಡದಾಗಿ, ಮಾಡಿದವರ ಹೆಸರು ಒಂದು ಚುಕ್ಕೆಯಾಗಿ. ಈ ಇಂಟು ಮಾರ್ಕಿನವಳು ಯಾರೋ ಮಾಸ್ಟ್ರಿಕ್ಟಿನ ಹುಡುಗಿ, ಸ್ಪಂಜು ಒತ್ತುತ್ತಿದ್ದವಳು ಅಂತ ನಾನು ಮನಸ್ಸಿನಲ್ಲೇ ಒಂದು ಚಿತ್ರ ಬರೆದುಕೊಂಡೆ. ಬೆಂಗಳೂರಿಗೆ ಬಂದ ಮೇಲೆ ಮೂರು ವಾರ ಗೂಗಲಿಸಿದ್ದೇ ಗೂಗಲಿಸಿದ್ದು. ರೆಗೌಟ್ ಮುದ್ರೆಗಳ ಪಟ್ಟಿ, ಚಿತ್ರ, ಹರಾಜಿನ ಪುಟ ಎಲ್ಲ ನೋಡಿದೆ. ಇಂಟು ಮಾರ್ಕು ಎಲ್ಲೂ ಸಿಗಲಿಲ್ಲ.

ಆಗ ನೆನಪಾದದ್ದು ಉಪ್ಪಿನಂಗಡಿಯ ಗೆಳತಿ. ಕಾಲೇಜಿನ ದಿನದವಳು, ಬ್ಯಾರಿಗಳ ಮನೆ. ಅವಳ ಮನೆಯಲ್ಲಿ ಹಬ್ಬದ ದಿನ ಇದೇ ಕೆಂಪು ಹೂವಿನ ದೊಡ್ಡ ಬಸಿಯಲ್ಲಿ ನೈಪತ್ತಿರ್ ತಿಂದ ನೆನಪು ನನಗಿತ್ತು. ಫೋನ್ ಮಾಡಿದೆ. "ಅದಾ? ಉಮ್ಮನ ಕಪಾಟಿನಲ್ಲಿ ನಾಲ್ಕೈದು ಉಂಟು. ಎಂತ, ನಿನ್ನ ಗುಜರಿ ಅಂಗಡಿಗೆ ಬೇಕಾ?" ಅಂತ ನಕ್ಕು, ಬೆನ್ನಿನ ಫೋಟೋ ತೆಗೆದು ಕಳಿಸಿದಳು. ಅದೇ ಸ್ಫಿಂಕ್ಸ್, ಅದೇ ಅಕ್ಷರ. ಇಂಟು ಮಾರ್ಕು ಇಲ್ಲ. ಒಂದರಲ್ಲೂ ಇಲ್ಲ.

ಅವರ ಮನೆಯಲ್ಲಿ ಅದು ಊಟ ಮಾಡುವ ಬಸಿ, ಅಷ್ಟೆ. ಯಾವ ದೊರೆಯೂ ಬಂದಿರಲಿಲ್ಲ.

ನಮ್ಮ ಬಸಿಯ ಫೋಟೋವನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದೆ. ಮೊದಲೇ ನೋಡಬೇಕಾಗಿದ್ದನ್ನು ಆಗ ನೋಡಿದೆ. ಕಾರ್ಖಾನೆಯ ಗುರುತು ಸಾಮಾನ್ಯವಾಗಿ ಹೊಳಪಿನ ಕೆಳಗಿರುತ್ತದೆ, ಅಥವಾ ಹೊಳಪಿನ ಮೇಲೆ ಬಣ್ಣದಲ್ಲಿ ಬರೆದು ಸುಟ್ಟಿರುತ್ತದೆ. ಸ್ಫಿಂಕ್ಸ್ ಹೊಳಪಿನ ಕೆಳಗಿತ್ತು. ಇಂಟು ಮಾರ್ಕು ಹೊಳಪನ್ನು ಸೀಳಿಕೊಂಡು ಹೋಗಿತ್ತು. ಅಂಚು ಚೂರು ಚೂರು ಎದ್ದಿತ್ತು, ಸೀಳಿನೊಳಗೆ ಕರಿ ಕೊಳೆ ಕೂತಿತ್ತು. ಗೂಡಿನಿಂದ ಬಂದ ಎಷ್ಟೋ ಕಾಲದ ಮೇಲೆ ಯಾರೋ ಗಟ್ಟಿ ಕಬ್ಬಿಣದಲ್ಲಿ ಕೆರೆದದ್ದು. ಮಾಸ್ಟ್ರಿಕ್ಟಿನ ಹುಡುಗಿ ಅಲ್ಲ.

ಊರಿನವರೆಗೆ ಹೋಗಬೇಕಾಗಿರಲಿಲ್ಲ. ನಮ್ಮ ಸೋದರತ್ತೆ, ಅಪ್ಪನ ಅಕ್ಕ, ಇಲ್ಲೇ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಎಂಬತ್ತಾರು ವರ್ಷ. ಕಿವಿ ಮಂದ, ನೆನಪು ಮಾತ್ರ ಕನ್ನಡಿ. ಒಂದು ಭಾನುವಾರ ಹೋಗಿ ಮೊಬೈಲಿನಲ್ಲಿ ಫೋಟೋ ತೋರಿಸಿದೆ. (ನಮ್ಮ ಮನೆಮಾತಿನಲ್ಲಿ ಆಡಿದ್ದನ್ನು ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬರೆದಿದ್ದೇನೆ.)

ಕನ್ನಡಕ ಏರಿಸಿ ನೋಡಿದರು. "ಇದು ಹೊರಗಿನ ಬಸಿ ಅಲ್ಲವಾ? ಇನ್ನೂ ಉಂಟಾ ಅದು?"

"ದೊರೆ ಕೊಟ್ಟದ್ದಲ್ಲವಾ ಅತ್ತೆ?"

"ಯಾವ ದೊರೆ? ಅದೆಲ್ಲ ನಿನ್ನ ದೊಡ್ಡಪ್ಪ ಗೋಡೆಗೆ ಏರಿಸಿದ ಮೇಲೆ ಹುಟ್ಟಿದ ಕತೆ. ಇದು ಅಪ್ಪಯ್ಯ ಅಡಿಕೆ ಮಾರಿ ಬರುವಾಗ ಮಂಗಳೂರಿಂದ ತಂದದ್ದು. ಒಂದು ಡಜನ್."

ನೀವು ಕರಾವಳಿಯ ಬ್ರಾಹ್ಮಣರ ಹಳೇ ಮನೆ ನೋಡಿದವರಾದರೆ ನಿಮಗೆ ಇಷ್ಟರಲ್ಲೇ ಗೊತ್ತಾಗಿರುತ್ತದೆ. ಪಿಂಗಾಣಿ ಮಡಿಗೆ ಬರುವುದಿಲ್ಲ. ಉಪ್ಪಿನಕಾಯಿ ಭರಣಿ ಒಂದು ಬಿಟ್ಟು ಅಡಿಗೆ ಮನೆಯೊಳಗೆ ಪಿಂಗಾಣಿಗೆ ಪ್ರವೇಶ ಇರಲಿಲ್ಲ. ಮನೆಯವರ ಊಟ ಬಾಳೆಲೆಯಲ್ಲಿ, ಕಾಫಿ ಹಿತ್ತಾಳೆ ಲೋಟದಲ್ಲಿ. ಹಾಗಿರುವಾಗ ಪಿಂಗಾಣಿಯಲ್ಲಿ ಉಣ್ಣದ ಮನೆ ಪಿಂಗಾಣಿ ಬಸಿಯನ್ನು ಡಜನ್ ಯಾಕೆ ಕೊಳ್ಳಬೇಕು? ಈ ಪ್ರಶ್ನೆ ನನಗೆ ಮೊದಲ ದಿನವೇ ಹೊಳೆಯಬೇಕಾಗಿತ್ತು. ಮಣ್ಣು ಯಾವುದು, ಹೊಳಪು ಯಾವುದು ಅಂತೆಲ್ಲ ನೋಡಿದವಳು ಇದನ್ನು ಕೇಳಲೇ ಇಲ್ಲ.

ಅತ್ತೆಯೇ ಹೇಳಿದರು. ಅಡಿಕೆ ಕೊಳ್ಳುವುದಕ್ಕೆ ಬರುತ್ತಿದ್ದ ಬ್ಯಾರಿ ಸಾಹುಕಾರರಿಗೆ, ಸರ್ವೆಯವರಿಗೆ, ಕ್ರಿಶ್ಚಿಯನ್ ಮೇಷ್ಟ್ರಿಗೆ ಜಗಲಿಯಲ್ಲಿ ತಿಂಡಿ ಕೊಡುವುದಕ್ಕೆ ಈ ಬಸಿ. ಅವರಿಗೆ ಬಾಳೆಲೆ ಹಾಕಿ ಅಂಗಳದಲ್ಲಿ ಕೂರಿಸಿದರೆ ಮರ್ಯಾದೆಯಲ್ಲ, ಒಳಗಿನ ಪಾತ್ರೆ ಕೊಡುವ ಹಾಗಿಲ್ಲ. ಹಾಗಾಗಿ ಬಸಿ. ತಿಂದವರೇ ಬಾವಿಕಟ್ಟೆಯ ಹತ್ತಿರ ತೊಳೆದು ಬಿಸಿಲಿಗೆ ಕವುಚಿ ಹಾಕಿ ಹೋಗಬೇಕು. "ಮತ್ತೆ ತೋಟದ ಕೆಲಸದವರಿಗೆ?" ಅಂತ ಕೇಳಿದೆ. "ಅವರಿಗೆ ಬಸಿ ಎಲ್ಲಿಯದು! ಗೆರಟೆ" ಅಂದರು. ತೆಂಗಿನ ಗೆರಟೆಯಲ್ಲಿ ಚಾ, ಮೇಲಿನಿಂದ ಹೊಯ್ಯುವುದು.

"ಈ ಇಂಟು ಮಾರ್ಕು?"

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊಬೈಲಿನ ಪರದೆ ಆರಿತು, ನಾನು ಮತ್ತೆ ಹತ್ತಿಸಿದೆ.

"ಅದು ನಾನೇ ಕೆರೆದದ್ದು ಕೂಸೇ."

ಐವತ್ತರ ಆಸುಪಾಸು. ಕಾಲ ಬದಲಾಗುತ್ತಿತ್ತು, ಮನೆಗೂ ಕಪ್ಪು ಬಸಿ ಬರತೊಡಗಿತ್ತು. ಪೇಟೆಯ ನೆಂಟರು ಬಂದಾಗ ಕಾಫಿಗೆ ಬೇಕಲ್ಲ. ಹೊರಗಿನದ್ದು ಯಾವುದು, ಒಳಗಿನದ್ದು ಯಾವುದು ಅಂತ ಅದಲುಬದಲಾಗತೊಡಗಿತು. ಅಜ್ಜ ಗರಗಸ ಹರಿತ ಮಾಡುವ ಮೂರು ಮೂಲೆಯ ಅರ ಕೊಟ್ಟು, ಹೊರಗಿನದ್ದಕ್ಕೆಲ್ಲ ಒಂದು ಗುರುತು ಹಾಕು ಅಂದರಂತೆ. ಹನ್ನೊಂದು ವರ್ಷದ ಹುಡುಗಿ, ಜಗಲಿಯಲ್ಲಿ ಕೂತು, ಇಡೀ ಮಧ್ಯಾಹ್ನ ಬಸಿಯ ಬೆನ್ನು ಕೆರೆದದ್ದು. "ಕೈ ಬೊಬ್ಬೆ ಬಂದಿತ್ತು. ಆದರೆ ದೊಡ್ಡವರ ಕೆಲಸ ಕೊಟ್ಟಿದ್ದಾರೆ ಅಂತ ನನಗೆ ಹೆಮ್ಮೆ."

ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಆ ಕ್ರಿಶ್ಚಿಯನ್ ಮೇಷ್ಟ್ರು ಅತ್ತೆಯನ್ನು ಮುಂದೆ ಓದಿಸಿ ಅಂತ ಅಜ್ಜನ ಹತ್ತಿರ ಹೇಳುವುದಕ್ಕೆ ಎರಡು ಮೂರು ಸಲ ಮನೆಗೆ ಬಂದಿದ್ದರಂತೆ. ಕೆರೆದ ಮೇಲೂ ಒಮ್ಮೆ ಬಂದರು. ಅವಲಕ್ಕಿ ತಿಂದು, ಬಸಿ ತೊಳೆದು, ಕಟ್ಟೆಯ ಮೇಲೆ ಕವುಚಿ ಇಟ್ಟರು. ಕವುಚಿದರೆ ಬೆನ್ನು ಮೇಲೆ. ಅತ್ತೆ ಬಾಗಿಲ ಸಂದಿಯಿಂದ ನೋಡುತ್ತಿದ್ದರಂತೆ.

"ಮೇಷ್ಟ್ರು ನೋಡಿದರೋ ಇಲ್ಲವೋ ಗೊತ್ತಿಲ್ಲ. ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದರು. ಮಾರನೇ ದಿನ ಶಾಲೆಯಲ್ಲಿ ಎಂದಿನ ಹಾಗೇ ಇದ್ದರು. ನಾನು ಅವರ ಮುಖ ನೋಡಲಿಲ್ಲ."

ಎಪ್ಪತ್ತೈದು ವರ್ಷದ ಹಿಂದಿನ ಮಾತು. ಬೇರೆ ವಿಷಯವೆಲ್ಲ ನಕ್ಕುಕೊಂಡು ಹೇಳಿದವರು ಇದನ್ನು ಹೇಳುವಾಗ ಸೆರಗಿನ ತುದಿ ತಿರುಚುತ್ತಾ ಇದ್ದರು. ಅವರನ್ನು ಮುಂದೆ ಓದಿಸಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ನಾನು ಎದ್ದು ಬರುವಾಗ, "ಒಂದು ಬಸಿ ನಿಮಗೆ ತಂದುಕೊಡಲಾ ಅತ್ತೆ?" ಅಂತ ಕೇಳಿದೆ. ಏನು ಬುದ್ಧಿಯೋ ನನ್ನದು. "ನನಗೆಂತಕ್ಕೆ? ನೀನೇ ಇಟ್ಟುಕೋ" ಅಂದರು.

ಅಣ್ಣನಿಗೆ ಕಾರ್ಡಿನ ಸಾಲು ಬರೆದು ಕಳಿಸಿದೆ. 'ಪಿಂಗಾಣಿ ಬಸಿ. ಪೆಟ್ರಸ್ ರೆಗೌಟ್ ಕಾರ್ಖಾನೆ, ಮಾಸ್ಟ್ರಿಕ್ಟ್, ಹಾಲೆಂಡ್. ಇಪ್ಪತ್ತನೇ ಶತಮಾನದ ಮೊದಲ ಭಾಗ. ಮಂಗಳೂರಿನಲ್ಲಿ ಕೊಂಡದ್ದು. ಬೇರೆ ಜಾತಿ, ಮತದ ಅತಿಥಿಗಳಿಗೆಂದು ಬೇರೆ ಇಟ್ಟದ್ದು. ಬೆನ್ನಿನ ಗೀರು ಮನೆಯವರು ಹಾಕಿದ ಗುರುತು.'

ಫೋನ್ ಬಂತು.

"ತಂಗೀ, ಜನ ದುಡ್ಡು ಕೊಟ್ಟು ಬಂದು ನೀರುದೋಸೆ ತಿನ್ನುವಾಗ ಇದನ್ನೆಲ್ಲ ಓದಬೇಕಾ?"

"ಹಾಗಾದರೆ ದೊರೆ ಕೊಟ್ಟದ್ದು ಅಂತ ಬರಿ. ನನ್ನ ಹೆಸರು ಮಾತ್ರ ಹಾಕಬೇಡ."

ಅವನು ಕೆಟ್ಟವನಲ್ಲ. ಅವನ ಅಡಿಗೆ ಮನೆಯಲ್ಲಿ ಈಗ ಎಲ್ಲ ಜಾತಿಯವರೂ ಕೆಲಸ ಮಾಡುತ್ತಾರೆ, ಎಲ್ಲರೂ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ನನಗೂ ಇದನ್ನು ಬರೆಯುವುದಕ್ಕೆ ಆರು ತಿಂಗಳು ಬೇಕಾಯಿತಲ್ಲ. ಕೊನೆಗೆ ಅವನು ಮೊದಲ ನಾಲ್ಕು ವಾಕ್ಯ ಇಟ್ಟುಕೊಂಡು ಉಳಿದ ಎರಡು ಬಿಟ್ಟು ಕಾರ್ಡು ಮಾಡಿಸಿದ. ದೊರೆ ಹೋದ. ಆದರೆ ಬಸಿ ಗೋಡೆಗೆ ಬೆನ್ನು ಕೊಟ್ಟೇ ಕೂತಿದೆ.

ಉಪ್ಪಿನಂಗಡಿಯ ಗೆಳತಿಗೆ ಹೇಳಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿ ಹೇಳಿದೆ. ಅವಳು ನಗಲಿಲ್ಲ. "ನಮ್ಮಜ್ಜ ನಿಮ್ಮ ಕಡೆಯ ಮನೆಗಳಿಗೆಲ್ಲ ಅಡಿಕೆ ಕೊಳ್ಳಲು ಹೋಗುತ್ತಿದ್ದರು ಮಾರಾಯ್ತಿ, ನಿಮ್ಮ ಮನೆಗೂ ಹೋಗಿರಬಹುದು" ಅಂದಳು. ಆಮೇಲೆ, "ಅಜ್ಜ ಹೊರಗೆ ಎಲ್ಲಿ ತಿಂದರೂ ತಾನೇ ತೊಳೆದಿಡುತ್ತಿದ್ದರು. ನಾವು ಅದು ಅವರ ಒಳ್ಳೆಯ ಅಭ್ಯಾಸ ಅಂತ ತಿಳಿದಿದ್ದೆವು" ಅಂದಳು.

ಆರರಲ್ಲಿ ಒಂದು ಬಸಿ ಈಗ ನನ್ನ ಹತ್ತಿರ ಇದೆ. ಸೋಡಾ ಬಾಟಲಿ, ಚಿಮಣಿಯ ಪಕ್ಕದಲ್ಲಿ, ಕವುಚಿ ಇಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಇದ್ದರೆ ಒಮ್ಮೆ ಮಗುಚಿ ನೋಡಿ. ಮುದ್ರೆ ಓದಲು ಬರದಿದ್ದರೆ ಫೋಟೋ ಕಳಿಸಿ, ಗೊತ್ತಿದ್ದಷ್ಟು ಹೇಳುತ್ತೇನೆ. ಮುದ್ರೆಯ ಪಕ್ಕ ಬೇರೆ ಗೀರು ಕಂಡರೆ ಮೊದಲು ಉಗುರು ಆಡಿಸಿ ನೋಡಿ, ಅದು ಹೊಳಪಿನ ಕೆಳಗಿದೆಯೋ ಮೇಲಿದೆಯೋ ಅಂತ. ಉಗುರಿಗೆ ಸಿಕ್ಕಿದರೆ ಗೂಗಲಿಸುವುದು ಬೇಡ, ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದರೆ ಅವರನ್ನು ಕೇಳಿ.